ಮಕ್ಕಳ ಕ್ರೀಡೆಯಲ್ಲಿ ಸ್ವಯಂಸೇವಕರ ಹಿನ್ನೆಲೆ ಪರಿಶೀಲನೆ ಮತ್ತು ಸುರಕ್ಷತಾ ತರಬೇತಿ

ಮಕ್ಕಳಿಗೆ ಆಟ ಕಲಿಸುವ, ಅವರನ್ನು ಪಂದ್ಯಗಳಿಗೆ ಕರೆದೊಯ್ಯುವ ಅಥವಾ ಶಿಬಿರಗಳಲ್ಲಿ ನೋಡಿಕೊಳ್ಳುವ ವ್ಯಕ್ತಿಗಳ ಗುರುತು, ಪೂರ್ವವೃತ್ತಾಂತ ಹಾಗೂ ಅಪರಾಧ ದಾಖಲೆಗಳನ್ನು ಮೊದಲೇ ವಿಚಾರಿಸಿ ತಿಳಿಯುವ ಕ್ರಮವನ್ನು ಹಿನ್ನೆಲೆ ಪರಿಶೀಲನೆ ಎನ್ನುತ್ತಾರೆ. ಮಕ್ಕಳೊಡನೆ ವರ್ತಿಸಬೇಕಾದ ರೀತಿ ಹಾಗೂ ಪ್ರಥಮ ಚಿಕಿತ್ಸೆಯನ್ನು ಕಲಿಸುವ ಸುರಕ್ಷತಾ ತರಬೇತಿ ಇದಕ್ಕೆ ಪೂರಕವಾದುದು. ಭಾರತದಲ್ಲಿ 2020ರ ಪೋಕ್ಸೊ ನಿಯಮಗಳು ಕ್ರೀಡಾ ಅಕಾಡೆಮಿಗಳ ನೌಕರರಿಗೆ ಇವೆರಡನ್ನೂ ಕಡ್ಡಾಯಗೊಳಿಸಿವೆ. ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕರನ್ನು ಮಾತ್ರ ಪ್ರತ್ಯೇಕವಾಗಿ ಹೆಸರಿಸಿಲ್ಲ.

ಗ್ರಾಮೀಣ ಸನ್ನಿವೇಶ

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಘೋಡಗೇರಿಯಂತಹ ಗ್ರಾಮಗಳಲ್ಲಿ ಮಕ್ಕಳ ಆಟಕ್ಕೆ ಶಾಲಾ ಮೈದಾನ, ಗರಡಿಮನೆ ಮತ್ತು ಯುವಕ ಮಂಡಳಗಳೇ ಆಸರೆ. ಶಾಲೆ ಬಿಟ್ಟ ಮೇಲೆ ಕಬಡ್ಡಿ, ಖೋ-ಖೋ ಕಲಿಸುವವರು ಸಾಮಾನ್ಯವಾಗಿ ಊರಿನ ಹಿರಿಯ ಆಟಗಾರರು. ಕುಸ್ತಿಯ ಪಟ್ಟುಗಳನ್ನು ಹೇಳಿಕೊಡುವವರು ವಯಸ್ಸಾದ ಪೈಲವಾನರು. ಇಲ್ಲಿ ಪರಿಚಯವೇ ಪ್ರಮಾಣಪತ್ರ. ಆದರೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ವರದಿಗಳನ್ನು ನೋಡಿದರೆ, ಮಕ್ಕಳ ಮೇಲಿನ ಅತ್ಯಾಚಾರ ಪ್ರಕರಣಗಳ ಪೈಕಿ ಶೇ. 90ಕ್ಕೂ ಹೆಚ್ಚಿನವುಗಳಲ್ಲಿ ಆರೋಪಿ ಮಗುವಿಗೆ ಪರಿಚಿತನೇ ಆಗಿರುತ್ತಾನೆ. ಆದುದರಿಂದ ಪರಿಚಯವೊಂದೇ ಸುರಕ್ಷತೆಯ ಖಾತರಿಯಾಗಲಾರದು.

ಕಾನೂನು

ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣಾ ಕಾಯ್ದೆ (ಪೋಕ್ಸೊ) 2012ರ ನವೆಂಬರ್ 14ರಂದು ಜಾರಿಗೆ ಬಂದಿತು. ಅದರಡಿ 2020ರ ಮಾರ್ಚ್‌ನಲ್ಲಿ ಪ್ರಕಟವಾದ ನಿಯಮಗಳ 3ನೆಯ ನಿಯಮದಂತೆ, ಶಾಲೆ, ಶಿಶುವಿಹಾರ, ಕ್ರೀಡಾ ಅಕಾಡೆಮಿ ಮುಂತಾಗಿ ಮಕ್ಕಳೊಡನೆ ನಿರಂತರ ಸಂಪರ್ಕವಿರುವ ಸಂಸ್ಥೆಗಳು ತಮ್ಮ ಖಾಯಂ ಹಾಗೂ ಗುತ್ತಿಗೆ ಸಿಬ್ಬಂದಿಯ ಪೊಲೀಸ್ ಪರಿಶೀಲನೆಯನ್ನು ನಿಯತಕಾಲಿಕವಾಗಿ ಮಾಡಿಸಬೇಕು. ಮಕ್ಕಳ ರಕ್ಷಣೆಯ ತರಬೇತಿಯನ್ನೂ ಕೊಡಿಸಬೇಕು.

ಕಾಯ್ದೆಯ 19ನೆಯ ಕಲಂ ಸ್ವಯಂಸೇವಕನಿಗೂ ಅನ್ವಯಿಸುತ್ತದೆ. ಅಪರಾಧ ನಡೆದಿದೆಯೆಂದು ತಿಳಿದ ಅಥವಾ ನಡೆಯಬಹುದೆಂದು ಶಂಕಿಸಿದ ಪ್ರತಿಯೊಬ್ಬರೂ ಪೊಲೀಸರಿಗೆ ತಿಳಿಸಬೇಕು. ಅಪರಾಧವನ್ನು ವರದಿ ಮಾಡದವರಿಗೆ ಆರು ತಿಂಗಳವರೆಗೆ ಸೆರೆವಾಸ, ದಂಡ ಅಥವಾ ಎರಡನ್ನೂ ವಿಧಿಸಬಹುದು. ತನ್ನ ಕೈಕೆಳಗಿನವನ ಅಪರಾಧವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥನಿಗೆ ಒಂದು ವರ್ಷದವರೆಗೆ ಸೆರೆವಾಸ ಹಾಗೂ ದಂಡವಿದೆ. ಸದ್ಭಾವನೆಯಿಂದ ಮಾಹಿತಿ ನೀಡಿದವರಿಗೆ ಕಾನೂನಿನ ರಕ್ಷಣೆಯಿದೆ.

ಪರಿಶೀಲನೆಯ ಕ್ರಮ

* ಲಿಖಿತ ಅರ್ಜಿ, ಗುರುತಿನ ಚೀಟಿ ಹಾಗೂ ಹಿಂದೆ ಸೇವೆ ಸಲ್ಲಿಸಿದ ಸ್ಥಳಗಳ ವಿವರ ಪಡೆಯುವುದು.
* ಬಂಧುಗಳಲ್ಲದ ಇಬ್ಬರಲ್ಲಿ, ಹಿಂದಿನ ಸಂಸ್ಥೆಯಲ್ಲಿ ವಿಚಾರಿಸುವುದು.
* ಪೊಲೀಸ್ ಪರಿಶೀಲನಾ ಪ್ರಮಾಣಪತ್ರ ಪಡೆಯುವುದು. ಕರ್ನಾಟಕದಲ್ಲಿ ಇದಕ್ಕೆ ಸೇವಾ ಸಿಂಧು ಜಾಲತಾಣದ ಮೂಲಕ ಅರ್ಜಿ ಸಲ್ಲಿಸಬಹುದು.
* ದಾಖಲೆಗಳನ್ನು ಗೋಪ್ಯವಾಗಿಟ್ಟು, ನಿಗದಿತ ಅವಧಿಗೊಮ್ಮೆ ನವೀಕರಿಸುವುದು.

2018ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ದತ್ತಸಂಚಯವು ತನಿಖಾ ಸಂಸ್ಥೆಗಳಿಗಷ್ಟೇ ಲಭ್ಯ. ಸಂಘಗಳು ಅದನ್ನು ನೇರವಾಗಿ ನೋಡಲಾಗದು. ಅಧ್ಯಕ್ಷರ ಬಂಧುವಿಗೂ ಹೊರಗಿನವನಿಗೂ ಒಂದೇ ಅಳತೆಗೋಲು ಇದ್ದಾಗ ಪರಿಶೀಲನೆ ಯಾರಿಗೂ ಅವಮಾನವೆನಿಸುವುದಿಲ್ಲ.

ತರಬೇತಿಯ ವಿಷಯಗಳು

ಮುಚ್ಚಿದ ಕೋಣೆಯಲ್ಲಿ ಒಂದು ಮಗುವಿನೊಡನೆ ವಯಸ್ಕರೊಬ್ಬರೇ ಇರಬಾರದು. ಪರಸ್ಥಳದ ಪಂದ್ಯಗಳಿಗೆ ಕನಿಷ್ಠ ಇಬ್ಬರು ವಯಸ್ಕರೂ, ಬಾಲಕಿಯರ ತಂಡದೊಡನೆ ಮಹಿಳೆಯೊಬ್ಬರೂ ಹೋಗುವುದು ಉಚಿತ. ಕುಸ್ತಿ ಹಾಗೂ ಕಬಡ್ಡಿಯಲ್ಲಿ ಮೈಮುಟ್ಟದೆ ಕಲಿಸಲಾಗದು. ಆದುದರಿಂದ ಯಾವ ಪಟ್ಟನ್ನು ಏಕೆ ಹಿಡಿಯಲಾಗುತ್ತದೆಂದು ಮೊದಲೇ ಹೇಳಿ, ಎಲ್ಲರ ಎದುರಿನಲ್ಲಿ ಕಲಿಸಬೇಕು. ತಲೆಗೆ ಪೆಟ್ಟು ಬಿದ್ದು ಮಂಕಾದ ಮಗುವನ್ನು ಅದೇ ದಿನ ಮತ್ತೆ ಆಡಿಸಬಾರದು. ಬಿಸಿಲಿನ ಬಾಧೆ, ಮೂಳೆ ಮುರಿತ ಹಾಗೂ ರಕ್ತಸ್ರಾವದ ಪ್ರಥಮ ಚಿಕಿತ್ಸೆಯೂ ತರಬೇತಿಯಲ್ಲಿ ಸೇರಿರುತ್ತದೆ.

ದೂರು

ಇಂತಹ ಪ್ರಕರಣಗಳನ್ನು ಊರ ಹಿರಿಯರ ಸಮ್ಮುಖದಲ್ಲಿ ರಾಜಿ ಮಾಡಿ ಮುಗಿಸಲು ಕಾನೂನಿನಲ್ಲಿ ಅವಕಾಶವಿಲ್ಲ. ಮಕ್ಕಳ ಸಹಾಯವಾಣಿ 1098 ಅಥವಾ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಬಹುದು. ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ವಿಷಯ ತಿಳಿಸಬೇಕು. ಮಗುವಿನ ಗುರುತನ್ನು ಬಹಿರಂಗಪಡಿಸಬಾರದು.

ಇತರ ದೇಶಗಳಲ್ಲಿ

ಇಂಗ್ಲೆಂಡಿನಲ್ಲಿ 2012ರ ಡಿಸೆಂಬರ್‌ನಲ್ಲಿ ಸ್ಥಾಪನೆಯಾದ ಸರ್ಕಾರಿ ಸಂಸ್ಥೆಯೊಂದು ಅಪರಾಧ ದಾಖಲೆ ಪರಿಶೀಲನೆಯನ್ನು ನಡೆಸುತ್ತದೆ. ಸ್ವಯಂಸೇವಕರಿಂದ ಅದು ಶುಲ್ಕ ಪಡೆಯುವುದಿಲ್ಲ. ಅಮೆರಿಕದಲ್ಲಿ ಜಿಮ್ನಾಸ್ಟಿಕ್ ತಂಡದ ವೈದ್ಯನ ದೌರ್ಜನ್ಯಗಳು ಬಯಲಾದ ನಂತರ, 2018ರ ಕಾನೂನು ಕ್ರೀಡಾ ಸಂಸ್ಥೆಗಳಲ್ಲಿ ವರದಿ ಹಾಗೂ ತರಬೇತಿಯನ್ನು ಕಡ್ಡಾಯಗೊಳಿಸಿತು.

ಮಿತಿಗಳು

ಪೊಲೀಸ್ ಪ್ರಮಾಣಪತ್ರವು ದಾಖಲಾದ ಪ್ರಕರಣಗಳನ್ನಷ್ಟೇ ತಿಳಿಸುತ್ತದೆ. ದೂರಿಲ್ಲದ ಅಪರಾಧ ಅದರಲ್ಲಿ ಕಾಣದು. ನೋಂದಣಿಯಿಲ್ಲದ ಗರಡಿಮನೆ, ಮಂಡಳಗಳಲ್ಲಿ ಪರಿಶೀಲನೆಯ ಹೊಣೆ ಯಾರದೆಂಬುದೂ ಸ್ಪಷ್ಟವಿರುವುದಿಲ್ಲ. ಹೀಗಾಗಿ ಪರಿಶೀಲನೆಯೊಡನೆ ತೆರೆದ ಮೈದಾನ, ಪಾಲಕರ ಹಾಜರಿ ಮತ್ತು ಮಗುವಿನ ಮಾತನ್ನು ನಂಬಿ ಕೇಳುವ ಒಬ್ಬ ಹಿರಿಯರೂ ಅಗತ್ಯ.