ಮನದೊಳಗಣ ಮುಖಗಳು



ರೇಡಿಯೋ ಭಾಷಣವನ್ನು ಕೇಳುವವರು ಭಾಷಣಕಾರನ ಮುಖವನ್ನು ಕಾಣರು. ಆದರೂ ಧ್ವನಿಯೊಂದರ ಆಧಾರದಿಂದಲೇ ಮುಖವನ್ನು ಕಲ್ಪಿಸಿಕೊಳ್ಳದವರು ವಿರಳ. ಆ ವ್ಯಕ್ತಿಯನ್ನು ಎದುರಿನಲ್ಲಿ ಕಂಡೊಡನೆ ಕಲ್ಪನೆಯ ಮುಖ ಅಳಿಸಿಹೋಗುತ್ತದೆ. ನಾನು ಹೇಳಹೊರಟಿರುವುದು ಅಷ್ಟು ಸುಲಭವಾಗಿ ಅಳಿಯದ ಚಿತ್ರಗಳ ವಿಚಾರ. ಮೈಸೂರಿನಲ್ಲಿ 1935ರಲ್ಲಿ ಆಕಾಶವಾಣಿಯನ್ನು ಸ್ಥಾಪಿಸಿದ ಎಂ. ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರೆಂಬುದನ್ನು ನೆನೆದರೆ, ಈ ವಿಷಯ ರೇಡಿಯೋಕ್ಕೆ ತೀರ ಅನ್ಯವೆನಿಸದು.

ಮನೋವಿಶ್ಲೇಷಣ ಶಾಸ್ತ್ರದಲ್ಲಿ ಇಂತಹ ಚಿತ್ರಕ್ಕೆ ‘ಇಮಾಗೊ’ ಎಂದು ಹೆಸರು. ಲ್ಯಾಟಿನ್ ಭಾಷೆಯ ಈ ಪದಕ್ಕೆ ಪ್ರತಿಮೆ ಎಂದರ್ಥ. ಪ್ರಾಚೀನ ರೋಮಿನ ಕುಲೀನರು ಮನೆಯಲ್ಲಿ ಇರಿಸಿಕೊಳ್ಳುತ್ತಿದ್ದ ಪೂರ್ವಿಕರ ಮೇಣದ ಮುಖಗಳಿಗೂ ಇದೇ ಹೆಸರಿತ್ತು. ಸ್ವಿಟ್ಜರ್ಲೆಂಡಿನ ಕವಿ ಕಾರ್ಲ್ ಸ್ಪಿಟ್ಟೆಲರನು 1906ರಲ್ಲಿ ಇದೇ ಹೆಸರಿನ ಕಾದಂಬರಿಯೊಂದನ್ನು ಪ್ರಕಟಿಸಿದನು. ಅದರ ನಾಯಕನು ಸ್ತ್ರೀಯೊಬ್ಬಳ ಮನೋಮೂರ್ತಿಯನ್ನೇ ಆರಾಧಿಸಿ, ಇನ್ನೊಬ್ಬನ ಕೈಹಿಡಿದು ಸಂಸಾರ ನಡೆಸುತ್ತಿರುವ ನಿಜವಾದ ಹೆಂಗಸನ್ನೇ ಹುಸಿಯೆಂದು ದೂಷಿಸುತ್ತಾನೆ! ಯೂಂಗನು ಈ ಪದವನ್ನು ಶಾಸ್ತ್ರಕ್ಕೆ ತಂದನು. 1912ರಲ್ಲಿ ಫ್ರಾಯ್ಡನು ಅದನ್ನು ಮೆಚ್ಚಿ ಬಳಸಿದನು.

ಇಮಾಗೊ ನೆನಪಲ್ಲ. ನೆನಪನ್ನು ನಾವು ಬೇಕೆಂದಾಗ ಕರೆಯಬಹುದು. ಇದಾದರೋ ಸುಪ್ತಚಿತ್ತದಲ್ಲಿ ನೆಲಸಿ, ನಾವು ಕರೆಯದೆಯೇ ಕೆಲಸಮಾಡುತ್ತದೆ. ಭಾವಚಿತ್ರದಂತೆ ಯಥಾವತ್ತಾದುದೂ ಅಲ್ಲ. ತಂದೆತಾಯಿಗಳು ಹೇಗಿದ್ದರೆಂಬುದರ ಜೊತೆಗೆ, ಶಿಶುವಿನ ಆಸೆ, ಭಯ, ಕೋಪಗಳೂ ಬೆರೆತು ಅದು ರೂಪುಗೊಳ್ಳುತ್ತದೆ. ಮೇಲಧಿಕಾರಿಯು ಸೌಮ್ಯವಾಗಿ “ಆ ಕಾಗದ ತನ್ನಿ” ಎಂದರೂ ಕೈ ನಡುಗುವ ಗುಮಾಸ್ತರಿಲ್ಲವೆ? ಆತ ಅಂಜುವುದು ಎದುರಿನ ಕುರ್ಚಿಯಲ್ಲಿ ಕುಳಿತವನಿಗೆ ಮಾತ್ರವೇ ಎಂದು ಕೇಳುವುದೇ ಈ ಶಾಸ್ತ್ರದ ರೀತಿ.

ಫ್ರಾಯ್ಡನ ಬಳಿಗೆ 1900ರಲ್ಲಿ ಹದಿನೆಂಟು ವರ್ಷದ ಹುಡುಗಿಯೊಬ್ಬಳು ಚಿಕಿತ್ಸೆಗಾಗಿ ಬಂದಳು. ಗ್ರಂಥದಲ್ಲಿ ಆಕೆಗೆ ಡೋರಾ ಎಂದು ಹೆಸರಿಟ್ಟಿದ್ದಾನೆ. ಸುಮಾರು ಹನ್ನೊಂದು ವಾರಗಳ ತರುವಾಯ, ಆ ವರ್ಷದ ಕೊನೆಯ ದಿನ, ಆಕೆ ಚಿಕಿತ್ಸೆಯನ್ನು ತೊರೆದು ಹೊರಟುಹೋದಳು. ತಂದೆಯ ಸ್ನೇಹಿತನೊಬ್ಬನಿಂದ ನೊಂದಿದ್ದ ಆಕೆ, ಅವನ ಮೇಲಣ ಸೇಡನ್ನು ವೈದ್ಯನ ಮೇಲೆ ತೀರಿಸಿಕೊಂಡಳೆಂದೂ, ಅದನ್ನು ತಾನು ಸಕಾಲದಲ್ಲಿ ಗುರುತಿಸಲಿಲ್ಲವೆಂದೂ 1905ರಲ್ಲಿ ಫ್ರಾಯ್ಡನು ಬರೆದನು. ಆಕೆಯ ಕೋಪಕ್ಕೆ ವೈದ್ಯನ ನಡತೆಯೂ ಕಾರಣವಾಗಿದ್ದಿತೆಂದು ಅನಂತರದ ಅನೇಕರು ವಾದಿಸಿದ್ದಾರೆ. ಆ ವಾದವನ್ನು ತಳ್ಳಿಹಾಕುವಂತಿಲ್ಲ. ಎಲ್ಲ ದೂರನ್ನೂ ದೂರುವವನ ಮನಸ್ಸಿನ ಚಿತ್ರಕ್ಕೇ ಕಟ್ಟಿಬಿಡುವುದು ವೈದ್ಯನಿಗೆ ಬಲು ಅನುಕೂಲವಾದ ಉಪಾಯ.

ಮೆಲನಿ ಕ್ಲೈನ್ ಎಂಬ ವಿದುಷಿಯು ಎಳೆಯ ಮಕ್ಕಳ ಆಟವನ್ನು ಪರೀಕ್ಷಿಸಿ ಕಂಡದ್ದು ಇನ್ನೂ ವಿಸ್ಮಯಕರ. ತಾಯಿತಂದೆಗಳು ಮೃದುಸ್ವಭಾವದವರಾಗಿದ್ದರೂ ಮಗುವಿನ ಒಳಗಣ ತಾಯಿತಂದೆಗಳು ಘೋರವಾಗಿರಬಹುದು. ತನ್ನ ಕೋಪವನ್ನೇ ಮಗು ಅವರಲ್ಲಿ ಆರೋಪಿಸಿ, ಮರಳಿ ಅವರಿಗೇ ಬೆದರುತ್ತದೆಂದು ಆಕೆಯ ಮತ.

ಹಾಗಾದರೆ ಈ ಚಿತ್ರವನ್ನು ತಿದ್ದುವ ಬಗೆಯೆಂತು? 1934ರಲ್ಲಿ ಜೇಮ್ಸ್ ಸ್ಟ್ರೇಚಿ ಇದಕ್ಕೊಂದು ಉತ್ತರವಿತ್ತನು. ರೋಗಿಯು ವೈದ್ಯನನ್ನು ಆ ಹಳೆಯ ಕ್ರೂರಮೂರ್ತಿಯೆಂದೇ ಭಾವಿಸಿ ಸಿಟ್ಟಾದ ಗಳಿಗೆಯಲ್ಲಿ, ಆ ಸಿಟ್ಟನ್ನು ಅವನಿಗೆ ತಿಳಿಯಪಡಿಸಬೇಕು. ಆಗ ಎದುರಿಗಿರುವವನು ಬೈಯಲೂ ಇಲ್ಲ, ಹೊಡೆಯಲೂ ಇಲ್ಲವೆಂಬುದು ಅವನಿಗೆ ಗೋಚರವಾಗುತ್ತದೆ. ಇದನ್ನು ಕಿಂಚಿತ್ತು ಕಿಂಚಿತ್ತಾಗಿಯೇ ಮಾಡಬೇಕು. ಭಾವವು ಮಿತಿಮೀರಿ ಕೆರಳಿದರೆ ರೋಗಿಗೆ ವೈದ್ಯನು ವೈದ್ಯನಾಗಿ ತೋರುವುದೇ ಇಲ್ಲ. ಆ ಹಳೆಯ ಮುಖವೇ ಬಂದು ಅವನೆದುರು ಕುಳಿತುಬಿಡುತ್ತದೆ.