ಪರಮಾಣುವಿನೊಳಗಿನ ಸೆಳೆತ, ತಳ್ಳಾಟ

ಕಾರವಾರದ ಕಡೆಯ ಮಿತ್ರರೊಬ್ಬರು ನಮ್ಮ ವಾಚನಾಲಯದಲ್ಲಿ ಕೇಳಿದರು: “ನಮ್ಮ ಕೈಗಾದಲ್ಲಿ ಕಲ್ಲಿದ್ದಲಿಲ್ಲದೆ ನೀರು ಕಾಯುವುದು ಹೇಗೆ ಮಾರಾಯರೆ?” ನಾವು ಮೆಟ್ರಿಕ್ಕಿನಾಚೆ ಓದಿದವರಲ್ಲ; ಪುಸ್ತಕ ತಿರುವಿ ತಿಳಿದಷ್ಟನ್ನು ಬರೆಯುತ್ತೇವೆ.

ಗುರುತ್ವಕ್ಕೆ ಸೆಳೆಯುವುದೊಂದೇ ಗೊತ್ತು. ವಿದ್ಯುತ್ತಾದರೋ ಧನ-ಋಣಗಳನ್ನು ಸೆಳೆಯುತ್ತದೆ, ಧನ-ಧನಗಳನ್ನು ತಳ್ಳುತ್ತದೆ. ಪರಮಾಣುವಿನ ನಡುವಣ ಬೀಜದಲ್ಲಿ ಧನವಿದ್ಯುತ್ತಿನ ಪ್ರೋಟಾನುಗಳೇ ಒತ್ತೊತ್ತಾಗಿವೆ. ಅವೇಕೆ ಚೆದರವು? ಗುರುತ್ವ ಹಿಡಿದಿದೆ ಎನ್ನುವಂತಿಲ್ಲ. ಎರಡು ಪ್ರೋಟಾನುಗಳ ವಿದ್ಯುತ್ ತಳ್ಳಾಟ ಅವುಗಳ ಗುರುತ್ವದ ಸೆಳೆತಕ್ಕಿಂತ ಎಷ್ಟು ಪಟ್ಟು ಹೆಚ್ಚೆಂದರೆ, 1ರ ಮುಂದೆ 36 ಸೊನ್ನೆ ಇಡಬೇಕು. ಗಿರಣಿಯ ಖಾತೆವಹಿಯಲ್ಲಿ ಅಂಥ ಮೊತ್ತವನ್ನು ನಾವೆಂದೂ ಬರೆದಿಲ್ಲ!

ಹಿಡಿದಿರುವುದು ಬೈಜಿಕ ಬಲ. ಬಲು ಗಟ್ಟಿ, ಆದರೆ ಕೈ ಗಿಡ್ಡ. ಪಕ್ಕದ ಕಣಗಳನ್ನಷ್ಟೇ ಹಿಡಿದೀತು. ತೀರ ಹತ್ತಿರವಾದರೆ ಅದೂ ತಳ್ಳುತ್ತದೆ. ಡೊಂಬಿವಲಿಯ ಬೆಳಗಿನ ಲೋಕಲ್ಲಿನಲ್ಲಿ ಪಕ್ಕದವರ ಹೆಗಲು ಹಿಡಿಯಬಹುದು, ಅವರ ಮೈಯೊಳಗೆ ಹೊಗಲಾಗದು.

ಯುರೇನಿಯಂ ಬೀಜದಲ್ಲಿ 92 ಪ್ರೋಟಾನುಗಳು. ವಿದ್ಯುತ್ತಿನ ತಳ್ಳಾಟ ಬೀಜದ ತುದಿಯಿಂದ ತುದಿಗೆ ಮುಟ್ಟುತ್ತದೆ, ಗಿಡ್ಡ ಕೈ ಮುಟ್ಟದು. ಯುರೇನಿಯಂ 235ರೊಳಗೆ ನ್ಯೂಟ್ರಾನೊಂದು ಹೊಕ್ಕರೆ ಬೀಜ ಅಲುಗಾಡಿ, ನೀಳವಾಗಿ, ಸಾಮಾನ್ಯವಾಗಿ ಎರಡಾಗುತ್ತದೆ. ತುಂಡುಗಳು ಒಂದನ್ನೊಂದು ತಳ್ಳಿಕೊಂಡು ಹಾರುತ್ತವೆ. ಸುತ್ತಲಿನ ಇಂಧನಕ್ಕೆ ಬಡಿದು ನಿಂತಾಗ ಆ ವೇಗವೇ ಶಾಖವಾಗುತ್ತದೆ. ಕೈಗಾದ ನೀರು ಕಾಯುವುದು ಇದರಿಂದ. ಅಲ್ಲಿಯ ಮೊದಲ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ನಿಲ್ಲದೆ ನಡೆಯಿತು.

ಒಡೆದ ತುಂಡುಗಳು ಮಾತ್ರ ವಿಕಿರಣ ಸೂಸುತ್ತಲೇ ಇರುತ್ತವೆ. ಒಲೆಯ ಬೂದಿಯಂತೆ ತಿಪ್ಪೆಗೆ ಚೆಲ್ಲುವಂತಿಲ್ಲ.