ದೋಣಿಯಲ್ಲಿ ಯಾರಿದ್ದಾರೆ?

ಇಂಡಿಯವರಿಗೆ ಕಡಲಿನ ಗೊಡವೆ ಏಕೆ ಎಂದರೆ, ಉತ್ತರ ಭೀಮೆಯಲ್ಲಿದೆ. ಇಂಡಿ, ಸಿಂದಗಿ ಸೀಮೆಯನ್ನು ಮುಟ್ಟಿ ಹರಿವ ಭೀಮೆ ರಾಯಚೂರು ಜಿಲ್ಲೆಯ ಗಡಿಯಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಬಸವನ ಬಾಗೇವಾಡಿ, ಮುದ್ದೇಬಿಹಾಳದ ಮಗ್ಗುಲಿಂದ ಬಂದ ಕೃಷ್ಣೆ ಆಂಧ್ರದ ಹಂಸಲದೀವಿಯ ಬಳಿ ಬಂಗಾಳ ಕೊಲ್ಲಿಗೆ ಇಳಿಯುತ್ತದೆ. ಅಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಮೀನು ಹಿಡಿಯುವ ಕಾಡುಬೆಕ್ಕು ಇರುವ ಕೃಷ್ಣಾ ವನ್ಯಜೀವಿಧಾಮವಿದೆ. ನಮ್ಮ ನೀರಿನ ಕೊನೆಯ ಊರು ಅದು.

ಇಂಥ ಧಾಮವೊಂದು ನಿಜಕ್ಕೂ ಕೆಲಸ ಮಾಡುತ್ತಿದೆಯೇ ಎಂದು ತಿಳಿಯುವುದು ಹೇಗೆ? ಆದೇಶ ಹೊರಟರೆ ನಕ್ಷೆಯಲ್ಲಿ ಗೆರೆ ಬೀಳುತ್ತದೆ, ಅಷ್ಟೆ. ಜೋಳ ಹಾಲುದೆನೆಯಾದಾಗ ಅಟ್ಟದ ಮೇಲೆ ಕವಣೆ ಹಿಡಿದವರಿಲ್ಲದಿದ್ದರೆ ಬದು ಎಷ್ಟು ಗಟ್ಟಿಯಿದ್ದೇನು? ವಿಶ್ವಬ್ಯಾಂಕ್ ಮತ್ತು ವಿಶ್ವ ವನ್ಯಜೀವಿ ನಿಧಿ ಸೇರಿ ಈ ಶತಮಾನದ ಆರಂಭದಲ್ಲಿ ಮೂವತ್ತು ಪ್ರಶ್ನೆಗಳ ಪಟ್ಟಿಯೊಂದನ್ನು ರೂಪಿಸಿದವು. ಪ್ರತಿ ಪ್ರಶ್ನೆಗೂ ಸೊನ್ನೆಯಿಂದ ಮೂರರವರೆಗೆ ಅಂಕ. ಗಡಿ ಗುರುತಾಗಿದೆಯೇ, ಯೋಜನೆ ಇದೆಯೇ, ಹಣ ಸಾಲುತ್ತದೆಯೇ, ಸಿಬ್ಬಂದಿಗೆ ತರಬೇತಿ ಆಗಿದೆಯೇ, ಸುತ್ತಲಿನ ಜನರ ಮಾತಿಗೆ ಬೆಲೆಯಿದೆಯೇ, ಹೀಗೆ. ಭಾರತದಲ್ಲಿ ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆ ಇಂಥ ಮೌಲ್ಯಮಾಪನ ನಡೆಸುತ್ತದೆ. ಕಡಲಧಾಮಗಳಿಗೆಂದೇ ಬೇರೆ ಚೌಕಟ್ಟನ್ನೂ ಸಿದ್ಧಪಡಿಸಿದೆ.

ಬೇರೆಯದೇ ಬೇಕು. ಕಾಡಿನಲ್ಲಿ ಗಾರ್ಡ್ ನಡೆದು ಸುತ್ತುತ್ತಾನೆ. ಕಡಲಲ್ಲಿ ದೋಣಿ ಬೇಕು, ಡೀಸೆಲ್ ಬೇಕು, ಎಂಜಿನ್ ಕೆಟ್ಟರೆ ರಿಪೇರಿ ಬಲ್ಲವರು ಬೇಕು. ತಮಿಳುನಾಡಿನ ಮನ್ನಾರ್ ಕೊಲ್ಲಿ ರಾಷ್ಟ್ರೀಯ ಉದ್ಯಾನದಲ್ಲಿ 21 ದ್ವೀಪಗಳು, 560 ಚದರ ಕಿಲೋಮೀಟರ್ ಹರವು. ದಡದಲ್ಲಿ ಕೂತು ಅದನ್ನು ಕಾಯಲಾಗದು. ಜೊತೆಗೆ ಮೀನುಗಾರಿಕೆ ಇಲಾಖೆ, ಕರಾವಳಿ ಕಾವಲು ಪೊಲೀಸ್, ಕೋಸ್ಟ್ ಗಾರ್ಡ್, ಅರಣ್ಯ ಇಲಾಖೆ, ನಾಲ್ಕೂ ಕಡೆಯವರಿಗೆ ಅದೇ ನೀರಿನಲ್ಲಿ ಪಾಲು. ಯಾರ ಕೆಲಸ ಯಾವುದೆಂದು ಗೊತ್ತಾಗದೆ ತಪ್ಪಿತಸ್ಥ ಬಲೆ ತಪ್ಪಿಸಿಕೊಳ್ಳುತ್ತದೆ.

ಸಾಕಷ್ಟು ಸಿಬ್ಬಂದಿ ಬೇಕೆಂಬ ಮಾತು ಬರಿಯ ಗೊಣಗಾಟವಲ್ಲ. 2017ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಜಗತ್ತಿನ ನೂರಾರು ಕಡಲಧಾಮಗಳನ್ನು ನೋಡಿತು. ಶೇ 65ರಷ್ಟು ಕಡೆ ಮೂಲ ಅಗತ್ಯಕ್ಕೂ ಹಣವಿರಲಿಲ್ಲ. ಶೇ 91ರಷ್ಟು ಕಡೆ ಸಿಬ್ಬಂದಿ ಬೇಕಾದಷ್ಟಿರಲಿಲ್ಲ. ಸಿಬ್ಬಂದಿ ಸಾಕಷ್ಟಿದ್ದಲ್ಲಿ ಮೀನು ಹೆಚ್ಚಿದ ಪರಿಣಾಮ, ಇಲ್ಲದಲ್ಲಿಗಿಂತ 2.9 ಪಟ್ಟು ದೊಡ್ಡದು. ಎಷ್ಟು ವಿಸ್ತೀರ್ಣ ಘೋಷಿಸಿದಿರಿ ಎಂಬುದಕ್ಕಿಂತ ಎಷ್ಟು ಹುದ್ದೆ ತುಂಬಿದಿರಿ ಎಂದು ಕೇಳುವುದೇ ಸರಿ ಅನ್ನಿಸುವುದು ಇದಕ್ಕೇ.

ನಮ್ಮ ರಾಜ್ಯ ಮೊದಲ ಕಡಲ ವನ್ಯಜೀವಿಧಾಮಕ್ಕೆ ಗುರುತಿಸಿದ್ದು ಹೊನ್ನಾವರ ತಾಲ್ಲೂಕಿನ ಅಪ್ಸರಕೊಂಡ–ಮುಗಳಿ ಪ್ರದೇಶವನ್ನು. ಸುಮಾರು 60 ಚದರ ಕಿಲೋಮೀಟರಿನಲ್ಲಿ ಹೆಚ್ಚಿನ ಪಾಲು ಸಮುದ್ರವೇ. ಆ ಕರಾವಳಿಯಲ್ಲಿ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಡುತ್ತವೆ. ಗೂಡು ಕಂಡು ತಿಳಿಸುವವರಲ್ಲಿ ಸ್ಥಳೀಯ ಮೀನುಗಾರರೂ ಇದ್ದಾರೆ. ಮೌಲ್ಯಮಾಪನ ನಡೆದಾಗ ಅವರನ್ನು ಕೇಳದೆ ಅಧಿಕಾರಿಯೊಬ್ಬರೇ ಅಂಕ ತುಂಬಿದರೆ ಅದು ವಿದ್ಯಾರ್ಥಿಯೇ ತಿದ್ದಿದ ಉತ್ತರಪತ್ರಿಕೆ.

ಇನ್ನೊಂದು ಅಂಶವನ್ನು ಯಾವ ಅಂಕಪಟ್ಟಿಯೂ ಪೂರ್ತಿ ಹಿಡಿಯದು. ಕೃಷ್ಣಾ ಧಾಮದ ಕಾವಲುಗಾರ ಎಷ್ಟು ಶ್ರದ್ಧೆಯಿಂದ ದುಡಿದರೂ ಕಾಂಡ್ಲಾಕ್ಕೆ ಬೇಕಾದ ಸಿಹಿನೀರು, ಹೂಳು ಅವನ ಕೈಯಲ್ಲಿಲ್ಲ. ಉಜನಿ, ಆಲಮಟ್ಟಿ, ನಾರಾಯಣಪುರ, ಶ್ರೀಶೈಲ, ನಾಗಾರ್ಜುನ ಸಾಗರಗಳಲ್ಲಿ ಹೂಳಿನ ಬಹುಪಾಲು ನಿಂತುಬಿಡುತ್ತದೆ. ನೀರಾವರಿ ನಮಗೆ ಬೇಡವೆಂದು ಯಾರೂ ಹೇಳುತ್ತಿಲ್ಲ. ಬರದ ನಾಡಿನವರು ಹಾಗೆ ಹೇಳಲೂ ಆಗದು. ಆದರೆ ಕೆಳಗಿನ ಧಾಮಕ್ಕೆ ಅಂಕ ಕಡಿಮೆ ಬಂದರೆ ಅದರಲ್ಲಿ ಸಿಬ್ಬಂದಿಯ ತಪ್ಪೆಷ್ಟು, ಮೇಲಿನ ಅಣೆಕಟ್ಟುಗಳ ಪಾಲೆಷ್ಟು ಎಂದು ವರದಿ ಬಿಡಿಸಿ ಬರೆಯಬೇಕು, ಅದೂ ಆ ನದಿಯ ಮೇಲ್ಭಾಗದಲ್ಲಿರುವ ನಮಗೆ ಓದಲು ಬರುವ ಭಾಷೆಯಲ್ಲಿ.